ಒಗರು ಮಾಗುವ ಬಗೆ

ಇಂದು ನಾನು ಆಡಹೊರಟ ಮಾತು ಫ್ರಾನ್ಸ್ ದೇಶದ ಹಳೆಯ ಕೆಂಪು ವೈನನ್ನು ಕುರಿತದ್ದು. ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಿಗೂ ಅದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಅದಕ್ಕಿಂತ ಗಟ್ಟಿಯಾದ ಪ್ರಶ್ನೆಯನ್ನು ನಮ್ಮ ತಾಯಿಯವರೇ ಕೇಳಿದರು. ಬಾರ್ಡೋ ನಗರದಲ್ಲಿ ಕೆಲಸಕ್ಕಿರುವ ನಮ್ಮಕ್ಕನ ಮಗ ರಜೆಗೆ ಬಂದಾಗ ಎರಡು ಸೀಸೆ ತಂದಿದ್ದ. ಅವನ್ನು ಕಂಡು ಅಮ್ಮ, "ನಿಮ್ಮಪ್ಪನ್ನ ತಿಂದದ್ದು ಸಾಲದೇನೋ?" ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ತಂದೆ ಸಾರಾಯಿಗೆ ಬಲಿಯಾದವರು. 1992ರಲ್ಲಿ ನೆಲ್ಲೂರು ಜಿಲ್ಲೆಯ ಹೆಂಗಸರಿಂದ ಹಬ್ಬಿದ ಸಾರಾಯಿ ವಿರೋಧಿ ಚಳವಳಿ, 1993ರ ಸಾರಾಯಿ ನಿಷೇಧ, ಹಿಂದೂಪುರದ ಶಾಸಕರಾಗಿದ್ದ ಎನ್.ಟಿ. ರಾಮರಾವ್ ಅವರ ಸರ್ಕಾರ 1995ರ ಜನವರಿಯಲ್ಲಿ ತಂದ ಪೂರ್ಣ ಪಾನನಿಷೇಧ, ಇವು ಅಮ್ಮನಿಗೆ ಬರಿಯ ಪತ್ರಿಕೆಯ ಸುದ್ದಿಗಳಲ್ಲ. 1997ರಲ್ಲಿ ಆ ನಿಷೇಧ ಸಡಿಲವಾದ ದಿನ ಅವರು ಊಟ ಮಾಡಲಿಲ್ಲ. ವೈನಿನಲ್ಲೂ ನೂರಕ್ಕೆ ಹನ್ನೆರಡರಿಂದ ಹದಿನಾಲ್ಕು ಪಾಲು ಮದ್ಯಸಾರ ಇದ್ದೇ ಇರುತ್ತದೆ. ಆದ್ದರಿಂದ ಕುಡಿಯಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಒಂದು ಹಣ್ಣಿನ ರಸಕ್ಕೆ ವಯಸ್ಸಾದರೆ ಏನಾಗುತ್ತದೆಂಬುದನ್ನು ಮಾತ್ರ ಹೇಳುತ್ತೇನೆ.

ಒಂದು ಸೀಸೆ ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ, ದನದ ಕೊಟ್ಟಿಗೆಯ ಅಟ್ಟದ ಮೇಲೆ ಉಳಿಯಿತು. ಮನೆಯೊಳಕ್ಕೆ ತರಲು ಅಪ್ಪಣೆಯಿರಲಿಲ್ಲ. ಇನ್ನೊಂದನ್ನು ಹಿಂದೂಪುರದ ನಮ್ಮ ಸೋದರಮಾವ ಒಯ್ದರು. ಅವರದು ಹುಣಸೆಹಣ್ಣಿನ ಮಂಡಿ. ಹಿಂದೂಪುರದ ಹುಣಸೆ ಮಾರುಕಟ್ಟೆಯ ಹೆಸರು ನಿಮಗೆಲ್ಲ ಗೊತ್ತು. ಹೊಸ ಹುಣಸೆ ಕೆಂಚಗಿದ್ದು ಬಿಸಿಲು ಏರಿದಂತೆ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆಂದು ವರ್ತಕರು ಮೂಟೆಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರಷ್ಟೆ. ಮಾವ ಆ ಸೀಸೆಯನ್ನೂ ತಮ್ಮ ಮೂಟೆಗಳ ಪಕ್ಕದಲ್ಲಿ ಮಲಗಿಸಿ ಮರೆತೇಬಿಟ್ಟರು.

ಮೂರು ಬೇಸಿಗೆ ಕಳೆದವು. ಅಟ್ಟದ ಸೀಸೆಯ ಬಿರಡೆ ಮೇಲಕ್ಕೆ ನೂಕಿಕೊಂಡು ಕತ್ತಿನ ಸುತ್ತ ಅಂಟಂಟಾಗಿತ್ತು. ಒಳಗಿನದು ಕಂದು ಬಣ್ಣಕ್ಕೆ ತಿರುಗಿ, ಸೀದ ಬೆಲ್ಲದ ವಾಸನೆಗೆ ಹುಳಿ ಬೆರೆತಂತೆ ನಾರುತ್ತಿತ್ತು. ತಿಪ್ಪೆಗೆ ಸುರಿದೆ. ವೈನನ್ನು ಕಾಯುವುದು ತಂಪು, ಕತ್ತಲೆ ಮತ್ತು ಅಲುಗದ ಜಾಗ. ಹನ್ನೆರಡು–ಹದಿನಾಲ್ಕು ಡಿಗ್ರಿ ಅದಕ್ಕೆ ಹಿತ. ಬಿರಡೆ ಒಣಗಿ ಗಾಳಿ ನುಸುಳಬಾರದೆಂದೇ ಮಲಗಿಸಿಡುವುದು. ನಮ್ಮ ಹಿರಿಯರ ಹಗೇವು ಇನ್ನೂ ಉಳಿದಿದ್ದರೆ ಅಟ್ಟಕ್ಕಿಂತ ಅದೇ ಮೇಲಾಗುತ್ತಿತ್ತು.

ಇನ್ನು ಒಗರಿನ ವಿಚಾರ. ದ್ರಾಕ್ಷಿಯ ತಿರುಳಿನ ರಸಕ್ಕೆ ಸಾಮಾನ್ಯವಾಗಿ ಬಣ್ಣವಿಲ್ಲ. ಕೆಂಪೂ ಒಗರೂ ಬರುವುದು ಸಿಪ್ಪೆಯಿಂದ, ಒಗರು ಸ್ವಲ್ಪ ಬೀಜದಿಂದಲೂ. ಟ್ಯಾನಿನ್ ಎನ್ನುವುದು ಇದನ್ನೇ. ನೇರಳೆಹಣ್ಣು ತಿಂದಾಗ, ಎಳೆ ಅಡಿಕೆ ಅಗಿದಾಗ ನಾಲಿಗೆ ಹಿಡಿದುಕೊಳ್ಳುವುದಿಲ್ಲವೆ? ಅದೇ. ಷಡ್ರಸಗಳಲ್ಲಿ ಒಗರಿಗೊಂದು ಪೀಠ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಯ ವೈನಿನಲ್ಲಿ ಈ ಒಗರು ಒಸಡನ್ನು ಕಚ್ಚುತ್ತದೆ. ವರ್ಷಗಳು ಉರುಳಿದಂತೆ ಒಗರಿನ ಕಣಗಳೂ ಬಣ್ಣದ ಕಣಗಳೂ ಒಂದಕ್ಕೊಂದು ಕೂಡಿಕೊಂಡು ಭಾರವಾಗಿ ತಳಕ್ಕಿಳಿಯುತ್ತವೆ. ಹಳೆ ಸೀಸೆಯ ಅಡಿಯಲ್ಲಿ ಕಾಣುವ ಗಸಿ ಅದೇ. ನೇರಳೆಗೆಂಪು ಇಟ್ಟಿಗೆಗೆಂಪಾಗುತ್ತದೆ, ಹಸಿಹಣ್ಣಿನ ಪರಿಮಳ ಹೋಗಿ ಒಣಹಣ್ಣು, ಹೊಗೆಸೊಪ್ಪು, ತೊಗಲು, ನೆನೆದ ಮಣ್ಣು ಇವುಗಳ ವಾಸನೆ ಮೂಡುತ್ತದೆ. ಎಲ್ಲ ವೈನೂ ಹೀಗೆ ಮಾಗುವುದಿಲ್ಲ. ಹೆಚ್ಚಿನವು ಮೂರು ನಾಲ್ಕು ವರ್ಷದೊಳಗೆ ಮುಗಿಸಬೇಕಾದವು. ಹಳತೆಲ್ಲ ಒಳ್ಳೆಯದೆಂಬುದು ಅಂಗಡಿಯವರ ಮಾತು.

ಬಾರ್ಡೋದವರು ಹಲವು ಜಾತಿಯ ದ್ರಾಕ್ಷಿ ಬೆರೆಸುತ್ತಾರೆ. ಕ್ಯಾಬರ್ನೆ ಸೊವಿನ್ಯೋನ್ ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಗರು ಹೆಚ್ಚು, ತಡವಾಗಿ ಹಣ್ಣಾಗುತ್ತದೆ. ಮೆರ್ಲೋ ಬೇಗ ಹಣ್ಣಾಗುತ್ತದೆ, ಮೆದು. ಮೆಡಾಕ್ ಪ್ರಾಂತದ ಗರಸು ನೆಲದಲ್ಲಿ ಮೊದಲನೆಯದು ಮುಂದು. ಪೊಮೆರಾಲ್ ಕಡೆಯ ಜೇಡಿನೆಲದಲ್ಲಿ ಎರಡನೆಯದು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶೇಂಗಾ ಹೊಲದ ಅಕ್ಕಡಿ ಸಾಲಿನ ತೊಗರಿ. ಒಂದಕ್ಕೆ ಮಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ರೈತನ ಲೆಕ್ಕ ಅಲ್ಲಿಯೂ ಇದೆ. ರುಚಿಯ ಮಾತು ಆಮೇಲಿನದು. ದೂರವೇನು, ಹಿಂದೂಪುರದಿಂದ ಬೆಂಗಳೂರಿಗೆ ಹೋಗುವ ದಾರಿಯ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಸೀಮೆಯಲ್ಲಿ, 1988ರಲ್ಲಿ ಆರಂಭವಾದ ಗ್ರೋವರ್ ತೋಟದವರು ಫ್ರೆಂಚ್ ಬಳ್ಳಿಗಳನ್ನೇ ಬೆಳೆಸಿ, ಕ್ಯಾಬರ್ನೆಗೆ ಶಿರಾಜ್ ಬೆರೆಸಿ ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಮಾಗಿಸುತ್ತಾರೆ.

ಕಳೆದ ಯುಗಾದಿಯ ಮರುದಿನ ಮಾವನ ಮನೆಯಲ್ಲಿ ಎರಡನೆಯ ಸೀಸೆ ತೆಗೆದೆವು. ಅಮ್ಮನೂ ಅಲ್ಲಿಗೆ ಬಂದಿದ್ದರು. ಅಳಿಯ ಫೋನಿನಲ್ಲಿ ಹೇಳಿದಂತೆ ಗಸಿ ತಳಕ್ಕೆ ಕೂರಲೆಂದು ಹಿಂದಿನ ದಿನವೇ ಸೀಸೆಯನ್ನು ನೆಟ್ಟಗೆ ನಿಲ್ಲಿಸಿದ್ದೆವು. ಮೇಣದಬತ್ತಿಯನ್ನು ಹಿಂದಿಟ್ಟು, ಗಸಿ ಕತ್ತಿಗೆ ಬರುವವರೆಗೆ ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಿದೆ. ಪುಸ್ತಕಗಳು ಕೋಣೆಯ ಶಾಖ ಎನ್ನುವುದು ಹದಿನಾರು–ಹದಿನೆಂಟು ಡಿಗ್ರಿಯನ್ನು, ನಮ್ಮ ಚೈತ್ರದ ಕೋಣೆಯನ್ನಲ್ಲ. ಹೂಜಿಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟೆವು. ಲೋಟದ ಮೂರನೆಯ ಒಂದು ಭಾಗ ಮಾತ್ರ ತುಂಬಿ, ಬಿಳಿ ಪಂಚೆಯ ಮೇಲೆ ಓರೆಮಾಡಿ ಬಣ್ಣ ನೋಡಬೇಕು, ಆಮೇಲೆ ಮೂಸಬೇಕು. ತೀರ ಹಳೆಯದನ್ನು ಹೆಚ್ಚು ಹೊತ್ತು ಗಾಳಿಗೆ ಬಿಟ್ಟರೆ ಪರಿಮಳ ಹಾರಿಹೋಗುತ್ತದೆ.

ಮಾವ ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. ಆದರೆ ಮೂಟೆಯಿಂದ ಒಂದು ಎಸಳು ಕಿತ್ತು ಬಾಯಿಗೆ ಹಾಕಿ ಇದು ಯಾವ ವರ್ಷದ್ದೆಂದು ಹೇಳುವ ನಾಲಿಗೆ ಅವರದು. ಒಂದೇ ಗುಟುಕು ಬಾಯಲ್ಲಿಟ್ಟುಕೊಂಡು, ಸ್ವಲ್ಪ ಗಾಳಿ ಎಳೆದು, ಕೆನ್ನೆಯಲ್ಲೆಲ್ಲ ಆಡಿಸಿ ಉಗಿದರು. ಬಹಳ ಹೊತ್ತು ಸುಮ್ಮನಿದ್ದು, "ಹುಳಿ ಸರಿಯಾಗಿದೆ. ಒಗರಿದೆ, ಕಚ್ಚಲ್ಲ. ಹಿಂದೆ ಏನೋ ಬರ್ತಾ ಇದೆ, ಇನ್ನೂ ಹೋಗಿಲ್ಲ" ಎಂದರು. ಉಗಿದ ಮೇಲೂ ಬಾಯಲ್ಲಿ ಉಳಿಯುವ ಆ ರುಚಿಯನ್ನೇ ಪರಿಣತರು ಗಡಿಯಾರ ನೋಡಿ ಅಳೆಯುತ್ತಾರಂತೆ. ಮಾವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಅಮ್ಮ ಬಾಗಿಲಲ್ಲೇ ನಿಂತಿದ್ದರು. ಎಲ್ಲ ಮುಗಿದ ಮೇಲೆ ಖಾಲಿ ಲೋಟವನ್ನೆತ್ತಿ ಮೂಸಿ, "ಹಳೇ ಹುಣಸೆ ಜಾಡಿ ವಾಸನೆ ಕಣೋ" ಎಂದು ತಾವೇ ತೊಳೆದಿಟ್ಟರು. ಸೀಸೆಯನ್ನು ಬಿಸಾಡಲು ಬಿಡಲಿಲ್ಲ. ಅದರಲ್ಲೀಗ ಹರಳೆಣ್ಣೆ ಇದೆ.