ಕಂಪ್ಯೂಟರಿನ ನಿದ್ರೆ ಮತ್ತು ಮಳೆಗಾಲದ ಕರೆಂಟು

(ಆಲ್ದೂರಿನಲ್ಲಿ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗೊಬ್ಬರ, ಕಪಾತು, ಬೋರ್ಡೋ ದ್ರಾವಣ ಇವುಗಳ ವಿಷಯ ಹೇಳಬೇಕಾದ ಗ್ರಾಮಸೇವಕ ಈ ಹೊತ್ತು ಕಂಪ್ಯೂಟರಿನ ಮಾತು ತೆಗೆದನಲ್ಲ ಎಂದು ತಮಗೆ ಆಶ್ಚರ್ಯವಾಗಬಹುದು. ಆದರೆ ಆಳುಗಳ ಹಾಜರಿ, ವಾರದ ಬಟವಾಡೆ, ಮೆಣಸಿನ ತೂಕ, ಮಳೆಯ ಅಳತೆ ಇವೆಲ್ಲವೂ ಈಗ ಅನೇಕ ಮನೆಗಳಲ್ಲಿ ಕಂಪ್ಯೂಟರಿಗೆ ಸೇರಿವೆ. ಬಟವಾಡೆಯ ಹಿಂದಿನ ಸಂಜೆ ಆ ಲೆಕ್ಕ ಅಳಿಸಿಹೋದರೆ ಕೂಲಿಯವರಿಗೂ ಕಷ್ಟ, ಯಜಮಾನನಿಗೂ ಕಷ್ಟ. ಆದ್ದರಿಂದ ಇದೂ ಬೇಸಾಯದ ಮಾತೇ ಆಯಿತು.

ನಮ್ಮ ಕಡೆಯ ಮಳೆಗಾಲ ತಮಗೆ ತಿಳಿದದ್ದೇ. ಗಾಳಿಗೆ ಸಿಲ್ವರ್ ಓಕಿನ ಕೊಂಬೆಯೊಂದು ಮೆಸ್ಕಾಂ ತಂತಿಯ ಮೇಲೆ ಬಿದ್ದಿತೆಂದರೆ ಕರೆಂಟು ಮತ್ತೆ ಯಾವಾಗ ಬಂದೀತೆಂದು ಯಾರೂ ಹೇಳಲಾರರು. ಆಗ ಮನೆಗೆ ಇನ್‌ವರ್ಟರಿನ ಬ್ಯಾಟರಿಯೊಂದೇ ಗತಿ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್-ಗಂಟೆ, ಅಂದರೆ 1.8 ಯೂನಿಟ್ ಇರುತ್ತದೆ. ಕೈಗೆ ಸಿಕ್ಕುವುದು ಅದಕ್ಕಿಂತಲೂ ಕಡಿಮೆ. ಮಾನಿಟರೂ ಸೇರಿ 100 ವಾಟ್ ಎಳೆಯುವ ಮೇಜಿನ ಕಂಪ್ಯೂಟರನ್ನು ರಾತ್ರಿ 10 ಗಂಟೆಗಳ ಕಾಲ ಸುಮ್ಮನೆ ಬಿಟ್ಟರೆ 1 ಯೂನಿಟ್ ಹೋಯಿತು. ಅಷ್ಟರಲ್ಲಿ 9 ವಾಟಿನ ಒಂದು ಎಲ್‌ಇಡಿ ದೀಪ 100 ಗಂಟೆಗೂ ಮೇಲೆ ಉರಿಯುತ್ತದೆ.

ಈ ನಷ್ಟ ತಪ್ಪಿಸಲೆಂದೇ ಕಂಪ್ಯೂಟರಿಗೆ ಎರಡು ಬಗೆಯ ನಿದ್ರೆಯನ್ನು ಏರ್ಪಡಿಸಿದ್ದಾರೆ. ಒಂದರ ಹೆಸರು ಸ್ಲೀಪ್, ಇನ್ನೊಂದರ ಹೆಸರು ಹೈಬರ್ನೇಟ್. ಇವೆರಡರ ಭೇದವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಂಪ್ಯೂಟರಿನೊಳಗೆ ಒಂದು ಸ್ಲೇಟೂ ಒಂದು ಲೆಕ್ಕದ ಪುಸ್ತಕವೂ ಇವೆಯೆಂದು ತಿಳಿಯಿರಿ. ಈಗ ಮಾಡುತ್ತಿರುವ ಕೆಲಸವೆಲ್ಲ ಸ್ಲೇಟಿನ ಮೇಲಿರುತ್ತದೆ. ಕರೆಂಟು ಹೋದ ಕ್ಷಣವೇ ಸ್ಲೇಟು ಬರಿದು. ಪುಸ್ತಕದಲ್ಲಿ ಬರೆದದ್ದು ಕರೆಂಟು ಹೋದರೂ ಅಳಿಯದು. ಸ್ಲೀಪ್ ಎಂದರೆ, ಪರದೆ ಮುಂತಾದುವನ್ನು ಆರಿಸಿ, ಸ್ಲೇಟನ್ನು ಮಾತ್ರ ಸ್ವಲ್ಪ ವಿದ್ಯುತ್ತಿನಿಂದ ಕಾಯುವುದು. ಎಬ್ಬಿಸಿದೊಡನೆ ಏಳುತ್ತದೆ, ಖರ್ಚೂ ಕಡಿಮೆ. ಆದರೆ ಆ ಸ್ವಲ್ಪ ವಿದ್ಯುತ್ತೂ ನಿಂತರೆ ಉಳಿಸದ ಕೆಲಸಕ್ಕೆ ಅಪಾಯ. ಹೈಬರ್ನೇಟ್ ಎಂದರೆ, ಸ್ಲೇಟಿನಲ್ಲಿದ್ದುದನ್ನೆಲ್ಲ ಪುಸ್ತಕಕ್ಕೆ ನಕಲು ಮಾಡಿಟ್ಟು ಪೂರ್ತಿ ಆರಿಬಿಡುವುದು. ಏಳುವುದು ತುಸು ತಡ. ಆದರೆ ಎರಡು ದಿನ ಕರೆಂಟಿಲ್ಲದಿದ್ದರೂ ಬಿಟ್ಟ ಕೆಲಸ ಬಿಟ್ಟಲ್ಲೇ ಇರುತ್ತದೆ.

ಹಾಗಾದರೆ ಮಾಡಬೇಕಾದುದೇನು? ವಿಂಡೋಸ್ 11 ಇರುವ ಯಂತ್ರದಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್, ಅದರಲ್ಲಿ ಪವರ್ ಎಂಬಲ್ಲಿಗೆ ಹೋಗಿರಿ. ಸ್ಕ್ರೀನ್, ಸ್ಲೀಪ್ ಎಂದಿರುವ ಸಾಲನ್ನು ಒತ್ತಿದರೆ ನಿಮಿಷಗಳ ಪಟ್ಟಿ ಕಾಣುತ್ತದೆ. ಪರದೆ ಆರಲು 5 ನಿಮಿಷ, ಸ್ಲೀಪಿಗೆ 15 ನಿಮಿಷ ಇಟ್ಟರೆ ಸಾಕು. ಪರದೆಯ ಮೇಲೆ ಚಿತ್ರ ಓಡಾಡುವ ಸ್ಕ್ರೀನ್ ಸೇವರಿನಿಂದ ಉಳಿತಾಯವಿಲ್ಲ. ಪರದೆ ಆರಿದರೆ ಮಾತ್ರ ಉಳಿತಾಯ.

ಹೈಬರ್ನೇಟ್ ಅನೇಕ ಯಂತ್ರಗಳಲ್ಲಿ ಮೊದಲಿಗೆ ಕಾಣಿಸುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು, ಪವರ್ ಗುಂಡಿ ಏನು ಮಾಡಬೇಕೆಂದು ಆರಿಸುವ ಪುಟಕ್ಕೆ ಹೋಗಿ, ಸದ್ಯಕ್ಕೆ ಬದಲಿಸಲಾಗದ ಸೆಟ್ಟಿಂಗುಗಳನ್ನು ಬದಲಿಸುವ ಸಾಲನ್ನು ಒತ್ತಿ, ಹೈಬರ್ನೇಟ್ ಎಂಬುದಕ್ಕೆ ಗುರುತು ಹಾಕಿ ಸೇವ್ ಮಾಡಿರಿ. ಲ್ಯಾಪ್‌ಟಾಪ್ ಇದ್ದವರು ಅದೇ ಪವರ್ ಆಪ್ಷನ್ಸಿನ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ, ಬ್ಯಾಟರಿ ತೀರಾ ಇಳಿದಾಗ ಹೈಬರ್ನೇಟ್ ಆಗುವಂತೆಯೂ ನೋಡಿಕೊಳ್ಳತಕ್ಕದ್ದು.

ಇಲ್ಲೊಂದು ಸೂಕ್ಷ್ಮವುಂಟು. ಪಟ್ಟಿಯಲ್ಲಿ ಬ್ಯಾಟರಿಯ ಮೇಲಿದ್ದಾಗ ಎಷ್ಟು ನಿಮಿಷ, ಪ್ಲಗ್ಗಿನಲ್ಲಿದ್ದಾಗ ಎಷ್ಟು ನಿಮಿಷ ಎಂದು ಬೇರೆ ಬೇರೆ ಕೇಳುತ್ತದೆ. ಮನೆಯ ಕರೆಂಟು ಹೋಗಿ ಇನ್‌ವರ್ಟರ್ ಹಿಡಿದಾಗ ಲ್ಯಾಪ್‌ಟಾಪಿಗೆ ಅದು ತಿಳಿಯುವುದಿಲ್ಲ. ಪ್ಲಗ್ಗಿನಲ್ಲಿ ವಿದ್ಯುತ್ತು ಬರುತ್ತಿದೆ, ಚಿಂತೆಯಿಲ್ಲ ಎಂದೇ ಅದು ಭಾವಿಸಿ ತನ್ನ ಬ್ಯಾಟರಿಯನ್ನೂ ಇನ್‌ವರ್ಟರಿನಿಂದಲೇ ತುಂಬಿಕೊಳ್ಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಪ್ಲಗ್ಗಿನ ಸಾಲಿಗೂ ಕಡಿಮೆ ನಿಮಿಷವನ್ನೇ ಹಾಕಿರಿ. ಕರೆಂಟು ಹೋದಾಗ ಲ್ಯಾಪ್‌ಟಾಪಿನ ಪ್ಲಗ್ ತೆಗೆದು ಅದರ ಸ್ವಂತ ಬ್ಯಾಟರಿಯಲ್ಲೇ ನಡೆಸಿದರೆ ಇನ್‌ವರ್ಟರ್ ದೀಪಗಳಿಗೆ ಉಳಿಯುತ್ತದೆ.

ಇನ್ನು ಗುಡುಗು ಮಿಂಚಿನ ವಿಚಾರ. ಕಂಪ್ಯೂಟರ್ ಮಲಗಿದ್ದರೂ ತಂತಿ ಗೋಡೆಯಲ್ಲಿದ್ದರೆ ಸಿಡಿಲಿನ ಹೊಡೆತ ಒಳಬರಬಹುದು. ಮೋಡ ಕಟ್ಟಿದ ಕೂಡಲೆ ಹೈಬರ್ನೇಟ್ ಮಾಡಿ, ದೀಪ ಪೂರ್ತಿ ಆರಿದ ಮೇಲೆ ಪ್ಲಗ್ ಕಿತ್ತಿಡಿ. ಇಂಟರ್‌ನೆಟ್ಟಿನ ತಾಮ್ರದ ತಂತಿ ಇದ್ದರೆ ಅದನ್ನೂ ಬಿಡಿಸಿರಿ. ತಲೆಯ ಮೇಲೆಯೇ ಮಿಂಚುತ್ತಿರುವಾಗ ಮಾತ್ರ ತಂತಿ ಮುಟ್ಟಲು ಹೋಗಬೇಡಿ. ಯಂತ್ರಕ್ಕಿಂತ ಜೀವ ದೊಡ್ಡದು.

2023ರ ಜುಲೈಯಿಂದ ಗೃಹಜ್ಯೋತಿ ಯೋಜನೆ ಬಂದಿದೆ, ಬಿಲ್ಲು ಸೊನ್ನೆ ಬರುತ್ತದೆ, ಮತ್ತೆ ಉಳಿತಾಯವೇಕೆ ಎಂದು ಕೆಲವರು ಕೇಳಬಹುದು. ಆ ಯೋಜನೆಗೂ ಆಯಾ ಮನೆಯ ಸರಾಸರಿ ಬಳಕೆಯ ಲೆಕ್ಕವೂ 200 ಯೂನಿಟಿನ ಮಿತಿಯೂ ಉಂಟು. ಸಂಘದ ಕಚೇರಿಗೆ, ಅಂಗಡಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಂತಿ ಹರಿದ ರಾತ್ರಿ ಯಾವ ಯೋಜನೆಯೂ ಬ್ಯಾಟರಿಯನ್ನು ತುಂಬಲಾರದು. ಆ ರಾತ್ರಿ ಮನೆಯಲ್ಲಿ ಬಾಣಂತಿಯೋ ಕಾಯಿಲೆಯವರೋ ಇದ್ದರೆ ಒಂದು ದೀಪದ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ.

ಕಡೆಯದಾಗಿ, ನಿದ್ರೆ ಎಷ್ಟೇ ಒಳ್ಳೆಯದಾದರೂ ಸೇವ್ ಮಾಡುವ ಅಭ್ಯಾಸಕ್ಕೆ ಅದು ಬದಲಲ್ಲ. ಬಟವಾಡೆಯ ಲೆಕ್ಕದಲ್ಲಿ ಪ್ರತಿಯೊಂದು ಹೆಸರು ಬರೆದಾಗಲೂ ಸೇವ್ ಒತ್ತಿರಿ. ಈ ಸೆಟ್ಟಿಂಗುಗಳಿಗೆ ಹತ್ತು ನಿಮಿಷ ಸಾಕು, ಕಾಸು ಖರ್ಚಿಲ್ಲ. ಮನೆಯಲ್ಲಿ ಓದುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಂಗಾರು ಹಿಡಿಯುವ ಮುನ್ನವೇ ಈ ಕೆಲಸವನ್ನು ಮುಗಿಸಬೇಕೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.