ಲೋಳೆಸರದ ಕುಂಡ ಮತ್ತು ನಮ್ಮ ಮಳೆಗಾಲ



ಮನೆಯೊಳಗೆ ಲೋಳೆಸರ ಬೆಳೆಸುವ ಬಗ್ಗೆ ಮಾತನಾಡಲು ನನಗೆ ಹೇಳಿದ್ದಾರೆ. ನಮ್ಮ ಮರಾಠಿ ನೆರೆಹೊರೆಯವರು ಕೋರಫಡ ಎಂದು, ಆಯುರ್ವೇದದವರು ಕುಮಾರಿ ಎಂದು ಕರೆಯುವ ಗಿಡ ಇದೇ. ತುರ್ಭೆ, ವಾಶಿ, ಕೋಪರ್‌ಖೈರಣೆಯ ಫ್ಲ್ಯಾಟುಗಳಲ್ಲಿ ಇದರ ಬಗ್ಗೆ ಕೇಳಿಬರುವ ದೂರು ಒಂದೇ: "ಮೇ ತಿಂಗಳ ತನಕ ಚೆನ್ನಾಗಿತ್ತು, ಆಗಸ್ಟಿನಲ್ಲಿ ಕೊಳೆತುಹೋಯಿತು. ದಿನಾ ನೀರು ಹಾಕ್ತಿದ್ದೆ ನೋಡಿ!" ಕಾರಣ ಆ ಕೊನೆಯ ಮಾತಿನಲ್ಲೇ ಇದೆ.

ಊರಿನಲ್ಲಿ ದೃಷ್ಟಿ ತಾಗಬಾರದೆಂದು ಬಾಗಿಲ ಮೇಲೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಮಣ್ಣಿಲ್ಲ, ನೀರಿಲ್ಲ. ಆದರೂ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಕೆಲವೊಮ್ಮೆ ಹೂವನ್ನೂ ಬಿಡುತ್ತದೆ. ದೃಷ್ಟಿ ಹೋಗುತ್ತದೋ ಇಲ್ಲವೋ ಅದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಗಿಡದ ಸ್ವಭಾವ ಮಾತ್ರ ಅಲ್ಲಿ ಕಣ್ಣಿಗೆ ಕಾಣುತ್ತದೆ. ಅರೇಬಿಯಾದ ಒಣನೆಲ ಇದರ ಮೂಲ. ಎಲೆಯೇ ಇದರ ನೀರಿನ ಕೊಡ. ಬೇರೆ ಗಿಡಗಳು ಹಗಲಲ್ಲಿ ತೆರೆಯುವ ಸಣ್ಣ ರಂಧ್ರಗಳನ್ನು ಇದು ರಾತ್ರಿ ತೆರೆಯುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಹೋಗಬಾರದೆಂದು. (ಇದು ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ ಎಂಬ ವಾಟ್ಸಾಪ್ ಸಂದೇಶ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ರಾತ್ರಿ ಅದು ಒಳಗೆ ಎಳೆದುಕೊಳ್ಳುವುದು ಇಂಗಾಲದ ಡೈ ಆಕ್ಸೈಡನ್ನು. ಆಮ್ಲಜನಕ ತಯಾರಾಗಲು ಬೆಳಕೇ ಬೇಕು.)

ವಿಜಯಪುರದ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಅಲ್ಲಿ ಬೇಲಿ ಬದಿಯಲ್ಲಿ ಯಾರೂ ಕೇಳದಿದ್ದರೂ ಇದು ಬೆಳೆಯುತ್ತದೆ. ನಮ್ಮಲ್ಲಿ ನಾಲ್ಕೇ ತಿಂಗಳಲ್ಲಿ 2,000 ಮಿಲಿಮೀಟರ್ ದಾಟುತ್ತದೆ. ಮಳೆ ಕುಂಡದೊಳಗೆ ಬೀಳದಿದ್ದರೂ ಗಾಳಿಯಲ್ಲೇ ತೇವ. ಮೋಡದಿಂದಾಗಿ ಬೆಳಕೂ ಕಡಿಮೆ. ಒದ್ದೆ ಮಣ್ಣು ವಾರವಾದರೂ ಒಣಗದು, ಬೇರಿಗೆ ಉಸಿರಾಡಲು ಗಾಳಿ ಸಿಗದು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿನ ತಂಬಿಗೆಯನ್ನು ಮರೆತುಬಿಡಿ. ಮಣ್ಣಿಗೆ ಒಂದು ಊದುಬತ್ತಿ ಕಡ್ಡಿ ತಳದವರೆಗೆ ಚುಚ್ಚಿ, ಒಣಗಿ ಬಂದರೆ ಮಾತ್ರ ಸ್ವಲ್ಪ ನೀರು. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಎರಡು-ಮೂರು ವಾರಕ್ಕೊಮ್ಮೆ ಸಾಕು. ಹಾಕಿದಾಗ ತೂತಿನಿಂದ ಹರಿಯುವಷ್ಟು ಹಾಕಿ.

ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಹೆಚ್ಚಾಗಿ ಇರುವುದು ತೆಂಗಿನ ನಾರಿನ ಪುಡಿ. ಅದು ನೀರನ್ನು ಹಿಡಿದಿಡುತ್ತದೆ. ತಂದ ವಾರದಲ್ಲೇ ಅದನ್ನು ಉದುರಿಸಿ, ಅರ್ಧ ಮಣ್ಣು, ಅರ್ಧ ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಒಂದು ಹಿಡಿ ಗೊಬ್ಬರ ಬೆರೆಸಿ ಮಣ್ಣಿನ ಕುಂಡಕ್ಕೆ ಬದಲಿಸಿ. ತಳದಲ್ಲಿ ತೂತು ಇರಲೇಬೇಕು. ಚೆಂದವೆಂದು ತೂತಿಲ್ಲದ ಪಿಂಗಾಣಿ ಕುಂಡದಲ್ಲಿ ನೆಡುವುದು ನನಗಂತೂ ಒಪ್ಪಿಗೆಯಿಲ್ಲ. ಕುಂಡದ ಕೆಳಗಿನ ತಟ್ಟೆಯ ನೀರನ್ನು ಕೂಡಲೇ ಚೆಲ್ಲಿ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಸುಮಾರು ಒಂದು ವಾರ ನಿಂತ ನೀರು ಸಾಕು.

ಎದುರು ಕಟ್ಟಡ ಬೆಳಕನ್ನು ಮುಚ್ಚಿದರೆ ಎಲೆಗಳು ಬಿಳಚಿ, ತೆಳುವಾಗಿ ಜೋಲುತ್ತವೆ. ಆಗ ಗಿಡಕ್ಕೆ ಬೇಕಾದದ್ದು ಗೊಬ್ಬರವಲ್ಲ, ಕಿಟಕಿ. ಆದರೆ ಹಾಲ್‌ನ ಮೂಲೆಯಿಂದ ಎತ್ತಿ ನೇರ ಮೇ ಬಿಸಿಲಿಗೆ ಇಟ್ಟರೆ ಕೆಂಪಾಗುತ್ತದೆ. ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತ ಹೋಗಿ. ಎಪಿಎಂಸಿ ಮಾರುಕಟ್ಟೆಯ ಲಾರಿಗಳು, ಠಾಣೆ-ಬೇಲಾಪುರ ರಸ್ತೆ ಪಕ್ಕದಲ್ಲೇ ಇರುವ ನಮಗೆ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಒರೆಸಿ.

ಈಗ ನನಗೆ ಮುಖ್ಯವೆನಿಸುವ ಮಾತು. ಎಲೆ ಕತ್ತರಿಸಿದಾಗ ಸಿಪ್ಪೆಯಡಿಯಿಂದ ಹಳದಿ ರಸ ಇಳಿಯುತ್ತದಲ್ಲ, ಅದು ಒಳಗಿನ ಬಿಳಿ ಲೋಳೆಯಲ್ಲ. ಆ ರಸ ಒಣಗಿದರೆ ಮರಾಠಿಯಲ್ಲಿ ಕಾಳಾ ಬೋಳ ಎನ್ನುವ ಕಡು ಭೇದಿ ಮದ್ದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2002ರಲ್ಲಿ ಲೋಳೆಸರದ ಭೇದಿ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು, ಕಂಪನಿಗಳು ಸುರಕ್ಷತೆಯ ಮಾಹಿತಿ ಒದಗಿಸಲಿಲ್ಲವೆಂದು. ಇಲ್ಲಿ ನಾವು "ಮನೆ ಗಿಡ ತಾನೇ" ಎಂದು ಇಡೀ ಎಲೆಯನ್ನು ಮಿಕ್ಸಿಗೆ ಹಾಕಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುತ್ತೇವೆ. ಬಸುರಿ ಸೊಸೆಗೆ ಮಲಬದ್ಧತೆ ಎಂದರೆ ದಯವಿಟ್ಟು ಇದನ್ನು ಕೊಡಬೇಡಿ, ವೈದ್ಯರನ್ನು ಕೇಳಿ. ಹಾಲೂಡಿಸುವವರಿಗೆ, ಚಿಕ್ಕ ಮಕ್ಕಳಿಗೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಅತ್ತೆ-ಮಾವಂದಿರಿಗೂ ಅಷ್ಟೇ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಕುಂಡ ಎತ್ತರದಲ್ಲಿರಲಿ.

ಕೂದಲಿಗೆ, ಬಿಸಿಲಿಗೆ ಕಂದಿದ ಚರ್ಮಕ್ಕೆ ಹಚ್ಚಬೇಕೆಂದರೆ ಹೊರಸುತ್ತಿನ ಒಂದು ಬಲಿತ ಎಲೆಯನ್ನು ಬುಡದಿಂದ ತೆಗೆದು, ಕತ್ತರಿಸಿದ ಕಡೆ ಕೆಳಗಾಗಿ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ. ಹಳದಿ ರಸ ಇಳಿದ ಮೇಲೆ ತೊಳೆದು, ಸಿಪ್ಪೆ ಸುಲಿದು ಲೋಳೆ ಮಾತ್ರ ಬಳಸಿ. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ, ಕೆಲವರಿಗೆ ತುರಿಕೆ ಬರುತ್ತದೆ.

ಎಲೆ ನೆಟ್ಟರೆ ಗಿಡವಾಗುತ್ತದೆಯೇ ಎಂದು ಮೊನ್ನೆ ಒಬ್ಬರು ಕೇಳಿದರು. ಇಲ್ಲ, ಹೆಚ್ಚಾಗಿ ಕೊಳೆಯುತ್ತದೆ. ಬುಡದಲ್ಲಿ ಏಳುವ ಮರಿಗಳು ನಾಲ್ಕೈದು ಅಂಗುಲವಾದಾಗ ಬೇರುಸಹಿತ ಬಿಡಿಸಿ ನೆಡಬೇಕು. ಅಂಥ ಹನ್ನೆರಡು ಮರಿಗಳನ್ನು ಇವತ್ತು ಪೇಪರಿನಲ್ಲಿ ಸುತ್ತಿ ತಂದಿದ್ದೇನೆ. ಗಾಯ ಒಣಗಲೆಂದು ಮೂರು ದಿನ ನೆರಳಲ್ಲಿಟ್ಟಿದ್ದೆ, ಹಾಗಾಗಿ ಸ್ವಲ್ಪ ಬಾಡಿದಂತೆ ಕಾಣುತ್ತವೆ, ಹೆದರಬೇಡಿ. ಬೇಕಾದವರು ಚಹಾ ಹೊತ್ತಿಗೆ ತೆಗೆದುಕೊಳ್ಳಿ. ನೆಟ್ಟ ಮೇಲೆ ಒಂದು ವಾರ ನೀರು ಹಾಕಬೇಡಿ.