ಯಾವ ಮಾಡಿಗೆ ಯಾವ ಸೌರ ಫಲಕ?

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸೌರವಿದ್ಯುತ್ತಿನ ವಿಷಯವಾಗಿ ಮಾತನಾಡಲು ಇಂಜಿನಿಯರರೊಬ್ಬರನ್ನು ಕರೆಯಬೇಕಾಗಿತ್ತು. ನಮ್ಮ ಕಾರ್ಯದರ್ಶಿಗಳು ಬ್ಯಾಂಕಿನ ಗುಮಾಸ್ತನೊಬ್ಬನನ್ನು ತಂದು ನಿಲ್ಲಿಸಿದ್ದಾರೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಫಲಕ ಹಾಕಿಸಲು ಸಾಲ ಕೇಳಿ ಬರುವವರ ಕಾಗದಪತ್ರಗಳು ನನ್ನ ಮೇಜನ್ನು ಹಾದುಹೋಗುತ್ತವೆ. ಮೇಲಾಗಿ, ಈ ವಿಷಯದಲ್ಲಿ ಕೈ ಸುಟ್ಟುಕೊಂಡವನು ನಾನು. ಆ ಕಥೆಯಿಂದಲೇ ಆರಂಭಿಸುತ್ತೇನೆ.

ಕುಂದಾಪುರದ ಕಡೆ ನಮ್ಮ ಹಳ್ಳಿಮನೆಯಲ್ಲಿ ತಂದೆಯವರೊಬ್ಬರೇ ಇದ್ದಾರೆ. ಮಳೆಗಾಲದಲ್ಲಿ ಮರ ಬಿದ್ದರೆ ಎರಡೆರಡು ದಿನ ಕರೆಂಟು ಇರುವುದಿಲ್ಲ. ಕೊಟ್ಟಿಗೆಯ ತಗಡಿನ ಮಾಡಿನ ಮೇಲೆ ಎರಡು ಫಲಕ ಹಾಕಿಸಿ, ಬ್ಯಾಟರಿ ಇಟ್ಟು, ನಾಲ್ಕು ದೀಪ ಉರಿಯುವಂತೆ ಮಾಡೋಣವೆಂದು ನಾನು ಮುಂಬಯಿಯಲ್ಲಿ ಕುಳಿತೇ ನಿಶ್ಚಯಿಸಿದೆ. ಅಂಗಡಿಯವನು ಬಾಗುವ ಫಲಕವನ್ನು ತೋರಿಸಿದ. “ಹಗುರ ಸ್ವಾಮಿ, ಕಂಬಿ ಬೇಡ, ಚೌಕಟ್ಟು ಬೇಡ, ತಗಡಿಗೆ ಅಂಟಿಸಿದರಾಯಿತು” ಎಂದ. ನಾನು ಹಣ ಕಟ್ಟಿದೆ. ಮೊದಲ ವರ್ಷ ದೀಪಗಳು ಚೆನ್ನಾಗಿ ಉರಿದವು. ಎರಡನೆಯ ಬೇಸಗೆಯಲ್ಲಿ ಫಲಕದ ಮೇಲೆ ಕಂದು ಕಲೆಗಳೆದ್ದವು. ಮೂರನೆಯ ಮಳೆಗಾಲಕ್ಕೆ ಅಂಚು ಬಿಟ್ಟು ನೀರು ಒಳಸೇರಿತು. ದೀಪ ಆರಿತು.

ಇದಾವುದೂ ನನಗೆ ತಿಳಿಯಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ತಂದೆಯವರು “ಎಲ್ಲ ಸರಿ ಇದೆ ಮಗಾ” ಎನ್ನುತ್ತಿದ್ದರು. ಚೌತಿಗೆ ಊರಿಗೆ ಹೋದಾಗ ಜಗಲಿಯಲ್ಲಿ ಲಾಟೀನು ಕಂಡೆ. ಮಗ ಕಳುಹಿಸಿದ ವಸ್ತು ಕೆಟ್ಟಿತೆಂದರೆ ಮಗನಿಗೆ ಬೇಸರವಾದೀತೆಂದು ಅವರು ತಿಂಗಳುಗಟ್ಟಲೆ ಹೇಳಿರಲಿಲ್ಲ. ವಾರಂಟಿ ಕಾಗದ ತೆಗೆದು ನೋಡಿದೆ: ಒಂದೇ ವರ್ಷ! ದಿನವೂ ಅನ್ಯರ ಕಾಗದ ಓದುವ ನಾನು ನನ್ನದನ್ನು ಓದಿರಲಿಲ್ಲ.

ಬಾಗುವ ಫಲಕವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ಹಾಕಿದ ಸ್ಥಳ ತಪ್ಪಾಗಿತ್ತು. ಇಂದಿನ ಮಾತಿನ ಸಾರವೆಲ್ಲ ಇಷ್ಟೇ: ಫಲಕವನ್ನು ವಾಟಿನ ಬೆಲೆ ನೋಡಿ ಕೊಳ್ಳಬಾರದು, ಮಾಡನ್ನೂ ಹವೆಯನ್ನೂ ವರ್ಷಗಳನ್ನೂ ನೋಡಿ ಕೊಳ್ಳಬೇಕು.

ಸಿಲಿಕಾನಿನ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು ಲೋಕಕ್ಕೆ ತೋರಿಸಿದ್ದು 1954ರಲ್ಲಿ. ಇಂದಿಗೂ ಕೆಲಸ ಮಾಡುವುದು ಆ ಜಾತಿಯ ತೆಳುವಾದ ಬಿಲ್ಲೆಯೇ. ಅದು ಹಪ್ಪಳದಂತೆ; ಬಗ್ಗಿಸಿದರೆ ಬಿರಿಯುತ್ತದೆ, ತೇವ ತಗುಲಿದರೆ ಅದರ ಲೋಹದ ತಂತಿಗಳು ಕೆಡುತ್ತವೆ. ಹಾಗಾಗಿ ಬಿಲ್ಲೆಗೆ ತೊಡಿಸುವ ಅಂಗಿ ಯಾವುದೆಂಬುದೇ ಮುಖ್ಯ ಪ್ರಶ್ನೆ.

ವಾಡಿಕೆಯ ಫಲಕದಲ್ಲಿ ಮುಂದುಗಡೆ ಸುಮಾರು 3.2 ಮಿಲಿಮೀಟರಿನ ಗಟ್ಟಿ ಗಾಜು, ಹಿಂದುಗಡೆ ಪ್ಲಾಸ್ಟಿಕ್ಕಿನ ಹಾಳೆ, ಸುತ್ತ ಅಲ್ಯುಮಿನಿಯಮ್ಮಿನ ಚೌಕಟ್ಟು ಇರುತ್ತದೆ. ಒಳ್ಳೆಯ ಹಾಳೆಯಾದರೆ ಇದು 25 ವರ್ಷ ಬಾಳುತ್ತದೆ. ಆದರೆ ಪ್ಲಾಸ್ಟಿಕ್ಕು ಎಷ್ಟಾದರೂ ಪ್ಲಾಸ್ಟಿಕ್ಕೇ. ಅದರ ಮೂಲಕ ತೇವ ಅಷ್ಟಷ್ಟೇ ಒಳಸೇರುತ್ತದೆ. 2010ರ ದಶಕದ ಆರಂಭದಲ್ಲಿ ತಯಾರಾದ ಒಂದು ಜಾತಿಯ ಪಾಲಿಅಮೈಡ್ ಹಾಳೆಗಳು ಕೆಲವೇ ವರ್ಷಗಳಲ್ಲಿ ಬಿರುಕುಬಿಟ್ಟು, ಹಲವು ದೇಶಗಳಲ್ಲಿ ಫಲಕಗಳನ್ನೇ ಬದಲಾಯಿಸಬೇಕಾಯಿತು.

ಎರಡು ಗಾಜಿನ ಫಲಕದಲ್ಲಿ ಹಿಂದುಗಡೆಯೂ ಗಾಜೇ. ಸಾಮಾನ್ಯವಾಗಿ ಎರಡೂ 2 ಮಿಲಿಮೀಟರಿನವು. ಗಾಜಿನ ಮೂಲಕ ತೇವ ಹಾಯುವುದಿಲ್ಲ. ಬಿಲ್ಲೆಗಳು ಎರಡು ಗಾಜುಗಳ ನಟ್ಟನಡುವೆ ಇರುವುದರಿಂದ ಗಾಳಿಗೆ ಫಲಕ ಬಳುಕಿದರೂ ಅವುಗಳ ಮೇಲೆ ಎಳೆತ ಬಹಳ ಕಡಮೆ. ಹಿಂಬದಿಯಿಂದಲೂ ಬೆಳಕು ಹೀರುವ ಬಿಲ್ಲೆಗಳಿದ್ದು, ಸುಣ್ಣ ಬಳಿದ ತಾರಸಿಯ ಮೇಲೆ ಎತ್ತರಿಸಿ ನಿಲ್ಲಿಸಿದರೆ, ನೂರಕ್ಕೆ ಐದು-ಹತ್ತರಷ್ಟು ವಿದ್ಯುತ್ತು ಹೆಚ್ಚು ಸಿಗಬಹುದು. ಹೆಂಚಿಗೆ ಒತ್ತಿ ಹಾಕಿದರೆ ಆ ಲಾಭ ಇಲ್ಲವೆಂದೇ ತಿಳಿಯಿರಿ. ದೋಷಗಳೂ ಉಂಟು. 550 ವಾಟಿನ ಫಲಕ ವಾಡಿಕೆಯದಕ್ಕಿಂತ ನಾಲ್ಕೈದು ಕಿಲೋ ಹೆಚ್ಚು ಭಾರ, ಸುಮಾರು 32 ಕಿಲೋ. ತೆಳುಗಾಜನ್ನು ದಪ್ಪಗಾಜಿನಷ್ಟು ಪೂರ್ತಿ ಹದಗೊಳಿಸಲಾಗುವುದಿಲ್ಲ. ಹಿಡಿಕೆಯನ್ನು ತಪ್ಪು ಜಾಗದಲ್ಲಿ ಬಿಗಿದರೆ ಗಾಜು ಒಡೆಯಬಹುದು.

ಬಾಗುವ ಫಲಕದಲ್ಲಿ ಗಾಜೇ ಇಲ್ಲ. ಎರಡೂ ಕಡೆ ಪ್ಲಾಸ್ಟಿಕ್ಕಿನ ಪದರ. ನೂರು ವಾಟಿನದು ಎರಡು-ಮೂರು ಕಿಲೋ ತೂಗುತ್ತದೆ. ದೋಣಿಗೆ, ವಾಹನದ ನೆತ್ತಿಗೆ, ಭಾರ ತಾಳಲಾರದ ಚಪ್ಪರಕ್ಕೆ ಅದು ಸರಿ. ಆದರೆ ತಗಡಿಗೆ ಅಂಟಿಸಿದಾಗ ಅಡಿಯಲ್ಲಿ ಗಾಳಿಯಾಡದೆ ಕಾಯುತ್ತದೆ. ಬಿಲ್ಲೆ ಒಂದು ಡಿಗ್ರಿ ಹೆಚ್ಚು ಕಾದರೆ ಉತ್ಪತ್ತಿ ನೂರಕ್ಕೆ 0.3ರಿಂದ 0.4ರಷ್ಟು ಇಳಿಯುತ್ತದೆ. ಆ ಕಾವಿಗೆ ಪದರವೂ ಬೇಗ ಹಳತಾಗುತ್ತದೆ. ನನ್ನ ತಂದೆಯವರ ಕೊಟ್ಟಿಗೆಯ ಮೇಲೆ ನಡೆದದ್ದು ಇದೇ.

ಇನ್ನು ವಾಣಿಜ್ಯ ಪದವೀಧರನ ಪಾಲಿನ ಲೆಕ್ಕ. ನಾವು ಸವಕಳಿ ಎನ್ನುತ್ತೇವಲ್ಲ, ಫಲಕಕ್ಕೂ ಅದುಂಟು. ವಾಡಿಕೆಯ ಫಲಕದ ಕಾಗದ ಸಾಮಾನ್ಯವಾಗಿ 25 ವರ್ಷದ ಕೊನೆಗೆ ನೂರಕ್ಕೆ 84-85ರಷ್ಟು ಉತ್ಪತ್ತಿಯ ಭರವಸೆ ಕೊಡುತ್ತದೆ. ಎರಡು ಗಾಜಿನದು 30 ವರ್ಷದ ಕೊನೆಗೆ 87ರಷ್ಟು. ನಮ್ಮ ಸೊಸೈಟಿಯಲ್ಲಿ ಲಿಫ್ಟು, ಪಂಪುಗಳಿಗಾಗಿ 10 ಕಿಲೋವಾಟ್ ಹಾಕುವ ಮಾತು ನಡೆದಿದೆ. ಕಿಲೋವಾಟಿಗೆ ದಿನಕ್ಕೆ 4 ಯೂನಿಟ್ಟೆಂದು ಹಿಡಿದರೆ ವರ್ಷಕ್ಕೆ ಸುಮಾರು 14,000 ಯೂನಿಟ್ಟು. ಸವಕಳಿ ಕಳೆದರೂ, ಕೊನೆಯ ಐದು ಹೆಚ್ಚಿನ ವರ್ಷಗಳಲ್ಲಿ 60,000 ಯೂನಿಟ್ಟು ಸಿಕ್ಕಂತಾಯಿತು. ಇದರೆದುರಿಗೆ ಇನ್ವರ್ಟರನ್ನು ನಡುವೆ ಒಮ್ಮೆಯೋ ಎರಡು ಸಲವೋ ಬದಲಿಸುವ ಖರ್ಚನ್ನೂ ಬರೆದುಕೊಳ್ಳಬೇಕು.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಹಾಕಿಸುವ ಮನೆಗೆ 78,000 ರೂಪಾಯಿ, ಸೊಸೈಟಿಗಳ ಸಮಾನ ಬಳಕೆಗೆ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನವೆಂದು ಗೊತ್ತುಮಾಡಲಾಯಿತು. ಅದು ಕಿಲೋವಾಟಿನ ಲೆಕ್ಕದ್ದು. ಗಾಜು ಒಂದೋ ಎರಡೋ ಎಂದು ಸರಕಾರ ಕೇಳುವುದಿಲ್ಲ. ಆ ಪ್ರಶ್ನೆಯನ್ನು ನಾವೇ ಕೇಳಬೇಕು.

ನಮ್ಮ ಸೊಸೈಟಿಗೆ ನನ್ನ ಸಲಹೆ ಎರಡು ಗಾಜಿನದೇ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಇವು ಪ್ಲಾಸ್ಟಿಕ್ಕಿನ ಹಾಳೆಗೆ ಒಳ್ಳೆಯ ನೆರೆಹೊರೆಯಲ್ಲ. ಹದಿನೆಂಟು ಫಲಕಗಳಿಗೆ ಹೆಚ್ಚುವ ಭಾರ ಒಂದು ಕ್ವಿಂಟಲಿನೊಳಗೆ. ಕಾಂಕ್ರೀಟಿನ ತಾರಸಿಗೆ ಅದು ದೊಡ್ಡದಲ್ಲ. ಭಾರಕ್ಕಿಂತ ಹೆಚ್ಚಾಗಿ ಗಾಳಿಗೆ ಹೆದರಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಈ ನಗರದಲ್ಲಿ ಗಾಳಿ ಗಂಟೆಗೆ ನೂರು ಕಿಲೋಮೀಟರನ್ನು ಮೀರಿ ಬೀಸಿದ್ದನ್ನು ತಾವು ಮರೆತಿರಲಾರಿರಿ. ಆದುದರಿಂದ ಕಂಬಿಗೂ ಹಿಡಿಕೆಗೂ ಹಣ ಉಳಿಸಬೇಡಿ. ಆದರೆ ಕಟ್ಟಡವನ್ನು ನಾಲ್ಕೈದು ವರ್ಷಗಳಲ್ಲಿ ಕೆಡವಿ ಮರಳಿ ಕಟ್ಟಿಸುವ ಯೋಚನೆಯಿರುವ ಸೊಸೈಟಿಯವರು ಮೂವತ್ತು ವರ್ಷದ ಆಸೆಗೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಒಳ್ಳೆಯ ವಾಡಿಕೆಯ ಫಲಕವೇ ಸಾಕು. ಪುಣೆ, ಹುಬ್ಬಳ್ಳಿಯಂಥ ಒಣಹವೆಯ ಊರುಗಳಲ್ಲಿ ಮನೆಯಿರುವವರೂ ಎರಡರ ಬೆಲೆಗಳನ್ನು ತೂಗಿ ನೋಡಬಹುದು.

ಕಾಗದ ಓದುವಾಗ ಮೂರನ್ನು ಕೇಳಿರಿ. ಒಂದು, ವಾರಂಟಿ ಎರಡು ಬಗೆ: ವಸ್ತುವಿಗೆ ಬೇರೆ, ಉತ್ಪತ್ತಿಗೆ ಬೇರೆ. ದೊಡ್ಡಕ್ಷರದ “25 ವರ್ಷ” ಅನೇಕ ಸಲ ಉತ್ಪತ್ತಿಗೆ ಮಾತ್ರ. ಎರಡು, ಕಡಲತಡಿಯವರು ಐಇಸಿ 61701 ಎಂಬ ಉಪ್ಪುಮಂಜಿನ ಪರೀಕ್ಷೆಯ ಪತ್ರ ಕೇಳಬೇಕು. ಮೂರು, ಸಾಲದ ಕಂತು ಮುಗಿಯುವ ಮುನ್ನ ವಸ್ತುವಿನ ವಾರಂಟಿ ಮುಗಿಯುವುದಾದರೆ ಸಹಿ ಹಾಕಬೇಡಿರಿ.

ಕಡೆಯ ಮಾತು. ನಮ್ಮಲ್ಲಿ ಬಹುಮಂದಿ ಊರಿನ ಮನೆಗೆ ಇಲ್ಲಿಂದ ಹಣ ಕಳುಹಿಸುವವರು. ಅಲ್ಲಿ ಮಾಡನ್ನೇರಿ ನೋಡುವವರು ಯಾರೂ ಇಲ್ಲ. ಯಾರೂ ನೋಡಿಕೊಳ್ಳದ ಕಡೆಗೇ ಹೆಚ್ಚು ಬಾಳುವ ವಸ್ತು ಬೇಕು. ಕಳೆದ ವರ್ಷ ತಂದೆಯವರ ಮನೆಯಂಗಳದಲ್ಲಿ ಕಂಬಿ ನೆಟ್ಟು ಎರಡು ಗಾಜಿನ ಫಲಕ ಹಾಕಿಸಿದ್ದೇನೆ. ಅದು ಕಂಡದ್ದು ಒಂದೇ ಮಳೆಗಾಲ. ಹೊಗಳುವುದಕ್ಕೆ ಇನ್ನೂ ಕಾಲ ಬಂದಿಲ್ಲ. ಈಗ ಮಾತ್ರ ನಾನು ತಂದೆಯವರ ಮಾತನ್ನೇ ನಂಬಿ ಕುಳಿತಿಲ್ಲ. ತಿಂಗಳಿಗೊಮ್ಮೆ ನೆರೆಮನೆಯ ಹುಡುಗ ಫಲಕದ ಹಿಂದುಮುಂದಿನ ಚಿತ್ರ ತೆಗೆದು ಫೋನಿಗೆ ಕಳುಹಿಸುತ್ತಾನೆ. ಚಿತ್ರದ ಮೂಲೆಯಲ್ಲಿ ತಂದೆಯವರೂ ನಿಂತಿರುತ್ತಾರೆ. ಎರಡನ್ನೂ ಒಟ್ಟಿಗೆ ನೋಡಿದಂತಾಗುತ್ತದೆ.